ಮೆಷಿನ್ ಎಲ್ಲಾ ಓಡುತ್ತಿವೆ, ಮಾಲು ಮಾತ್ರ ಹೊರಗೆ ಹೋಗುತ್ತಿಲ್ಲ

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಮೆಷಿನ್ ಶಾಪ್ ಇದೆ. ಅಪ್ಪ ಕಟ್ಟಿದ್ದು. ಮೂರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. 5 ಸಿಎನ್‌ಸಿ ಲೇತ್ (ಕಂಪ್ಯೂಟರ್‌ನಿಂದ ಓಡುವ ಟರ್ನಿಂಗ್ ಮೆಷಿನ್), 3 ವಿಎಂಸಿ (ಮಿಲ್ಲಿಂಗ್ ಮೆಷಿನ್), 1 ಸಿಲಿಂಡ್ರಿಕಲ್ ಗ್ರೈಂಡರ್ (ಶಾಫ್ಟ್‌ನ ಮೈ ಉಜ್ಜಿ ಸರಿಯಾದ ಅಳತೆಗೆ ತರುವ ಮೆಷಿನ್). 24 ಜನ, ಎರಡು ಶಿಫ್ಟ್. ವಾಹನದ ಬಿಡಿಭಾಗ ಮಾಡುವ ಮೂರು ಕಂಪನಿಗಳಿಗೆ ಶಾಫ್ಟ್, ಪಿನ್ ಮಾಡಿ ಕೊಡುತ್ತೇವೆ. ಒಟ್ಟು 38 ಪಾರ್ಟ್ ನಂಬರ್. ದಿನಕ್ಕೆ ಸುಮಾರು 300 ಪೀಸ್ ಆರ್ಡರ್, ಅದರಲ್ಲಿ 240ಕ್ಕೆ ಗ್ರೈಂಡಿಂಗ್ ಬೇಕು. ಹೀಟ್ ಟ್ರೀಟ್‌ಮೆಂಟ್ (ಸ್ಟೀಲ್ ಕಾಯಿಸಿ ಗಟ್ಟಿ ಮಾಡುವುದು) ಹೊರಗೆ ಮಾಡಿಸುತ್ತೇವೆ. ಎಂಟು ತಿಂಗಳ ಹಿಂದೆ ಮೂರನೇ ಕಸ್ಟಮರ್ ಬಂದ ಮೇಲೆ ಎಲ್ಲವೂ ತಡ. ಎರಡು ವಾರದಲ್ಲಿ ಕೊಡುತ್ತೇವೆ ಅಂದ ಮಾಲಿಗೆ ಐದು ವಾರ ಹಿಡಿಯುತ್ತಿದೆ. ತಿಂಗಳ ಕೊನೆಯ ವಾರ ಹಗಲು ರಾತ್ರಿ ಓಟಿ (ಓವರ್‌ಟೈಮ್). ಆದರೂ ಹೋದ ತಿಂಗಳು ಒಬ್ಬ ಕಸ್ಟಮರ್ ‘ನಿಮ್ಮಿಂದ ನಮ್ಮ ಲೈನ್ ನಿಂತಿತು’ ಅಂತ ನಷ್ಟವನ್ನು ನಮ್ಮ ಲೆಕ್ಕದಲ್ಲಿ ಮುರಿದುಕೊಳ್ಳುವ ಡೆಬಿಟ್ ನೋಟ್ ಕಳಿಸಿದರು. ಶೆಡ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಅರ್ಧ ಕೆಲಸ ಮುಗಿದ 9,000 ಪೀಸ್ ಕ್ರೇಟುಗಳಲ್ಲಿ ಕೂತಿವೆ. ‘ಮೆಷಿನ್ ನಿಲ್ಲಿಸಬೇಡ, ನಿಂತ ಮೆಷಿನ್ ದುಡ್ಡು ತಿನ್ನುತ್ತೆ’ ಅನ್ನುತ್ತಾರೆ ಅಪ್ಪ. ಇನ್ನೊಂದು ವಿಎಂಸಿ ತಗೋ ಅನ್ನುತ್ತಾರೆ ಭಾವ. ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿ, ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಬಂದು ಹೇಳಿ ಹೋದರು. ಯಾರ ಮಾತು ಕೇಳಲಿ? ನನಗೆ ಪ್ಲಾನಿಂಗ್ ಬರೋದಿಲ್ವಾ, ಇಲ್ಲಾ ಕೆಪಾಸಿಟಿನೇ ಸಾಲದಾ?

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಬೇಜಾರಾಯಿತು. ಇಪ್ಪತ್ತಾರು ವರ್ಷ ಪ್ಲಾನಿಂಗ್ ಕೆಲಸ ಮಾಡಿದ್ದೇನೆ. ಇದೇ ಪ್ರಶ್ನೆಯನ್ನು ಎಷ್ಟೋ ಜನ ಹೀಗೆಯೇ, ತಮ್ಮ ಮೇಲೆ ತಪ್ಪು ಹಾಕಿಕೊಂಡು ಕೇಳಿದ್ದಾರೆ. ನಿಮ್ಮಲ್ಲಿ ಪ್ಲಾನಿಂಗ್ ಬುದ್ಧಿ ಕಮ್ಮಿ ಇಲ್ಲ. ಎಂಟು ಮೆಷಿನ್‌ಗಳಲ್ಲಿ ಕೆಪಾಸಿಟಿಯೂ ಕಮ್ಮಿ ಇಲ್ಲ. ತೊಂದರೆ ಇರುವುದು ಒಂಬತ್ತನೆಯದರಲ್ಲಿ, ಗ್ರೈಂಡರ್‌ನಲ್ಲಿ.

ನಿಮ್ಮ ಪತ್ರ ಬಂದ ಮೇಲೆ ನಾನು ಎರಡೇ ವಿಷಯ ಕೇಳಿದ್ದೆ. ಯಾವ ಮೆಷಿನ್ ಮುಂದೆ ಎಷ್ಟು ಪೀಸ್ ಕಾಯುತ್ತಿವೆ? ಗ್ರೈಂಡರ್‌ನಲ್ಲಿ ದಿನಕ್ಕೆ ಎಷ್ಟು ಸಲ ಸೆಟ್ಟಿಂಗ್ ಬದಲಾಗುತ್ತದೆ, ಅಂದರೆ ಒಂದು ಪಾರ್ಟ್ ಇಳಿಸಿ ಇನ್ನೊಂದಕ್ಕೆ ಮೆಷಿನ್ ಸಿದ್ಧ ಮಾಡುತ್ತೀರಿ? ನೀವು ಎಣಿಸಿ ಕಳಿಸಿದ್ದು ಹೀಗಿದೆ. ಗ್ರೈಂಡರ್ ಮುಂದೆ 4,300 ಪೀಸ್. ದಿನಕ್ಕೆ 2 ಸೆಟ್ಟಿಂಗ್, ಒಂದೊಂದಕ್ಕೆ 2 ಗಂಟೆ. ಒಂದು ಪೀಸ್ ಗ್ರೈಂಡ್ ಮಾಡಲು 3 ನಿಮಿಷ.

ಇಷ್ಟು ಸಿಕ್ಕರೆ ಸಾಕು, ಲೆಕ್ಕ ತಾನೇ ಬಿಚ್ಚಿಕೊಳ್ಳುತ್ತದೆ.

ಮೊದಲು ಐದು ವಾರದ ಲೆಕ್ಕ. ಶೆಡ್‌ನಲ್ಲಿ 9,000 ಪೀಸ್ ಇವೆ, ದಿನಕ್ಕೆ ಸುಮಾರು 300 ಹೊರಗೆ ಹೋಗುತ್ತವೆ. 9,000ವನ್ನು 300ರಿಂದ ಭಾಗಿಸಿದರೆ 30. ಇವತ್ತು ನೀವು ಒಳಗೆ ಬಿಟ್ಟ ಸ್ಟೀಲ್ ಬಾರ್ ಹೊರಗೆ ಹೋಗಲು ಸರಾಸರಿ 30 ಕೆಲಸದ ದಿನ ಬೇಕು, ಅಂದರೆ ಐದು ವಾರ. ಇದನ್ನು ಲಿಟಲ್ಸ್ ಲಾ ಅನ್ನುತ್ತಾರೆ. 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ಪ್ರೊಫೆಸರ್ ಇದಕ್ಕೆ ಗಣಿತದ ಸಾಕ್ಷಿ ಕೊಟ್ಟರು. ಬ್ಯಾಂಕಿನ ಕ್ಯೂ ಇರಲಿ, ದರ್ಶಿನಿಯಲ್ಲಿ ದೋಸೆಗೆ ನಿಂತವರಿರಲಿ, ಲೆಕ್ಕ ಒಂದೇ. ಒಳಗೆ ಎಷ್ಟು ಇದೆಯೋ ಅಷ್ಟು ಹೊತ್ತು ಕಾಯಬೇಕು. ದಿನಕ್ಕೆ 300 ಎಂಬ ವೇಗ ಬದಲಾಗದಿದ್ದರೆ, ಶೆಡ್‌ನಲ್ಲಿರುವ ಪೀಸ್‌ಗಳ ಸಂಖ್ಯೆ ಅರ್ಧ ಆಗದೆ ನಿಮ್ಮ ಐದು ವಾರ ಎರಡೂವರೆ ವಾರ ಆಗುವುದಿಲ್ಲ. ಓಡಾಡಿ ಫಾಲೋಅಪ್ ಮಾಡಿದರೂ ಆಗುವುದಿಲ್ಲ, ಬೈದರೂ ಆಗುವುದಿಲ್ಲ.

ಈಗ ಆ 30 ದಿನದ ಒಳಗೆ ಇಣುಕಿ ನೋಡೋಣ. 300 ಪೀಸ್‌ನ ಒಂದು ಬ್ಯಾಚ್ ತಗೊಳ್ಳಿ. ಟರ್ನಿಂಗ್ ಎರಡು ಸೆಟಪ್, ತಲಾ 6 ನಿಮಿಷ. ಮಿಲ್ಲಿಂಗ್ 6 ನಿಮಿಷ. ಗ್ರೈಂಡಿಂಗ್ 3 ನಿಮಿಷ. ಪೂರ್ತಿ ಬ್ಯಾಚ್ ಮುಗಿದ ಮೇಲೆಯೇ ಮುಂದಿನ ಮೆಷಿನ್‌ಗೆ ಹೋಗುತ್ತದೆ ಅಂದುಕೊಂಡರೂ ಒಟ್ಟು 105 ಗಂಟೆ. ದಿನಕ್ಕೆ 15 ಗಂಟೆ ಮೆಷಿನ್ ಓಡಿದರೆ 7 ದಿನ. ಹೀಟ್ ಟ್ರೀಟ್‌ಮೆಂಟ್‌ಗೆ ಹೋಗಿ ಬರಲು 3 ದಿನ, ಇನ್ಸ್‌ಪೆಕ್ಷನ್ ಪ್ಯಾಕಿಂಗ್ 1 ದಿನ. ಒಟ್ಟು 11 ದಿನ. ಉಳಿದ 19 ದಿನ ಆ ಶಾಫ್ಟ್‌ಗಳು ಏನೂ ಮಾಡುತ್ತಿಲ್ಲ, ಸುಮ್ನೆ ಕೂತಿವೆ. ಎಲ್ಲಿ? ಗ್ರೈಂಡರ್ ಮುಂದೆ ಇರುವ 4,300ನ್ನು 240ರಿಂದ ಭಾಗಿಸಿ ನೋಡಿ. 18 ದಿನ ಬರುತ್ತದೆ.

ತಡ ಆಗುತ್ತಿರುವುದು ಕೆಲಸದಿಂದಲ್ಲ, ಕಾಯುವುದರಿಂದ. ಅದೂ ಹೆಚ್ಚುಕಮ್ಮಿ ಪೂರ್ತಿ ಒಂದೇ ಜಾಗದಲ್ಲಿ.

ಗ್ರೈಂಡರ್ ಯಾಕೆ ಸೋತಿತು ಅನ್ನುವುದೂ ನಿಮ್ಮ ಅಂಕಿಯಲ್ಲೇ ಇದೆ. ಎಂಟೂವರೆ ಗಂಟೆಯ ಎರಡು ಶಿಫ್ಟ್ ಅಂದರೆ 1,020 ನಿಮಿಷ. ಊಟ, ಟೀಗೆ ಶಿಫ್ಟಿಗೆ 50ರಂತೆ 100 ಹೋಯಿತು. ಕ್ಲೀನಿಂಗ್‌ಗೆ 20. ಉಳಿಯುವುದು 900 ನಿಮಿಷ. 240 ಪೀಸ್‌ಗೆ ಬೇಕಾದದ್ದು 720. ದಿನಕ್ಕೆ ಒಂದೇ ಸೆಟ್ಟಿಂಗ್ ಆದರೆ 720ಕ್ಕೆ 120 ಸೇರಿ 840, ಸಾಲುತ್ತದೆ. ಎರಡಾದರೆ 960, ಸಾಲುವುದಿಲ್ಲ. ಎರಡು ಸೆಟ್ಟಿಂಗ್ ಕಳೆದು ಉಳಿದ 660 ನಿಮಿಷದಲ್ಲಿ 220 ಪೀಸ್ ಮಾತ್ರ ಆಗುತ್ತದೆ. ದಿನಕ್ಕೆ 20 ಪೀಸ್ ಬಾಕಿ. ತಿಂಗಳಿಗೆ 25 ದಿನ, ಎಂಟು ತಿಂಗಳು: 4,000. ಗ್ರೈಂಡರ್ ಮುಂದಿನ ರಾಶಿ ಒಂದೇ ಸಲ ಬಂದದ್ದಲ್ಲ. ದಿನಕ್ಕೆ ಒಂದು ಕ್ರೇಟಿನಂತೆ, ಯಾರ ಕಣ್ಣಿಗೂ ಬೀಳದೆ ಬೆಳೆದದ್ದು.

ಎರಡನೇ ಸೆಟ್ಟಿಂಗ್ ಯಾಕೆ ಬಂತು? 300ರ ಬ್ಯಾಚ್ ಬಿಚ್ಚದೆ ಓಡಿಸಿದರೆ ದಿನಕ್ಕೆ ಒಂದು ಸೆಟ್ಟಿಂಗೂ ಬೇಡ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬರುತ್ತದೆ, ‘ಸಾಯಂಕಾಲದ ಗಾಡಿಗೆ 80 ಪೀಸ್ ಬೇಕೇಬೇಕು’. ಓಡುತ್ತಿರುವ ಜಾಬ್ ಇಳಿಸಿ ಆ 80 ಹಾಕುತ್ತೀರಿ. ಆಮೇಲೆ ಮತ್ತೆ ಹಳೆಯದು. ಒಂದು ಅರ್ಜೆಂಟ್ ಕೇಳಿಕೊಂಡು ಮಾಡಿದ 2 ಗಂಟೆಯ ಸೆಟ್ಟಿಂಗ್ 40 ಪೀಸ್ ತಿಂದಿತು. ಆ 40 ಪೀಸ್ ಬೇರೆ ಯಾರೋ ಕಸ್ಟಮರ್‌ದು. ಅವರು ನಾಳೆ ಫೋನ್ ಮಾಡುತ್ತಾರೆ. ಅದೂ ಅರ್ಜೆಂಟ್ ಆಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರ್ಜೆಂಟ್ ಜಾಬ್‌ಗಳಿಗೆ ಕೆಂಪು ಟ್ಯಾಗ್ ಹಾಕುವ ಪದ್ಧತಿ ಶುರು ಮಾಡಿದ್ದೆ. ಮೊದಲ ವಾರ ಐದು ಟ್ಯಾಗ್. ಒಂದೂವರೆ ತಿಂಗಳಲ್ಲಿ ಶಾಪ್ ತುಂಬ ಕೆಂಪು. ಎಲ್ಲ ಅರ್ಜೆಂಟ್ ಆದ ಮೇಲೆ ಆಪರೇಟರ್ ತನಗೆ ಸುಲಭ ಅನಿಸಿದ್ದನ್ನು ಎತ್ತಿಕೊಂಡ. ಅವನದ್ದು ತಪ್ಪಲ್ಲ. ಆಯ್ಕೆ ಮಾಡಲು ನಾವು ಅವನಿಗೆ ಬೇರೆ ದಾರಿ ಬಿಟ್ಟಿರಲಿಲ್ಲ.

ಅಪ್ಪ ಹೇಳುವುದರಲ್ಲಿ ಎಷ್ಟು ನಿಜ?

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಅವರು ಶುರು ಮಾಡಿದ ಕಾಲದಲ್ಲಿ ಎರಡು ಮೂರು ಲೇತ್ ಇದ್ದಿರಬೇಕು, ಪಾರ್ಟ್ ನಂಬರ್ ನಾಲ್ಕೈದು. ಮೆಷಿನ್ ನಿಂತರೆ ಅವತ್ತಿನ ಬಿಲ್ ನಿಂತ ಹಾಗೆಯೇ. ಅವತ್ತಿಗೆ ಆ ಮಾತು ಪೂರ್ತಿ ನಿಜ. ಇವತ್ತಿಗೆ ಅದು ಗ್ರೈಂಡರ್ ಒಂದಕ್ಕೆ ಮಾತ್ರ ನಿಜ.

ಐದು ಸಿಎನ್‌ಸಿಗಳೂ ಪೂರ್ತಿ ಓಡಿದರೆ, ಪೀಸ್‌ಗೆ 12 ನಿಮಿಷದಂತೆ ದಿನಕ್ಕೆ 375 ಪೀಸ್ ಬರುತ್ತದೆ. ಬೇಕಾದದ್ದು 300. ಹೆಚ್ಚಿನ 75 ಎಲ್ಲಿಗೆ ಹೋಗುತ್ತದೆ? ಗ್ರೈಂಡರ್ ಮುಂದಿನ ಕ್ಯೂಗೆ. ನೀವು ಸ್ಟೀಲ್ ಬಾರ್‌ಗೆ ದುಡ್ಡು ಕೊಟ್ಟಿರಿ, ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಸವೆಸಿದಿರಿ, ಕರೆಂಟ್ ಸುಟ್ಟಿರಿ, ಹೀಟ್ ಟ್ರೀಟ್‌ಮೆಂಟ್ ಬಿಲ್ ಕಟ್ಟಿದಿರಿ. ಹಿಂದಕ್ಕೆ ಬಂದದ್ದು ಒಂದು ರೂಪಾಯಿ ಇಲ್ಲ. ಸಿಎನ್‌ಸಿ ಲೇತ್ ದಿನಕ್ಕೆ ಎರಡು ಗಂಟೆ ನಿಂತರೆ ನಷ್ಟ ಏನೂ ಇಲ್ಲ. ಗ್ರೈಂಡರ್ ಎರಡು ಗಂಟೆ ನಿಂತರೆ 40 ಪೀಸ್‌ನ ಬಿಲ್ ಹೋಯಿತು. ಈ ವ್ಯತ್ಯಾಸವನ್ನು ಇಸ್ರೇಲಿನ ಭೌತಶಾಸ್ತ್ರಜ್ಞ ಎಲಿಯಾಹು ಗೋಲ್ಡ್‌ರಾಟ್ ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಕಾರ್ಖಾನೆಯ ವೇಗವನ್ನು ನಿರ್ಧರಿಸುವುದು ಅತಿ ನಿಧಾನದ ಜಾಗ. ಮಿಕ್ಕವು ಅದರ ತಾಳಕ್ಕೆ ನಡೆಯಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಬೇಗ ಶುರು ಮಾಡಿದರೆ ಬೇಗ ಮುಗಿಯುತ್ತದೆ ಅನ್ನುವುದು. ನಿಮ್ಮ ಶೆಡ್‌ನಿಂದ ಸ್ವಲ್ಪ ದೂರದ ಗೊರಗುಂಟೆಪಾಳ್ಯ ಜಂಕ್ಷನ್ ನೆನಪಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಗಾಡಿಗಳು ಸಲೀಸಾಗಿ ದಾಟುತ್ತವೆ. ಒಂಬತ್ತಕ್ಕೆ ಗಾಡಿ ಸ್ವಲ್ಪ ಜಾಸ್ತಿ, ಕ್ಯೂ ಮಾತ್ರ ಎಷ್ಟೋ ಪಟ್ಟು ಉದ್ದ. 2021ರ ಡಿಸೆಂಬರ್‌ನಲ್ಲಿ ಕೇಬಲ್ ತೊಂದರೆಯಿಂದ ಪೀಣ್ಯ ಫ್ಲೈಓವರ್ ಮುಚ್ಚಿದಾಗ ನಾವೆಲ್ಲ ಅನುಭವಿಸಿದೆವಲ್ಲ, ದಾರಿ ಕಿರಿದಾದರೆ ಕಾಯುವ ಹೊತ್ತು ಎಷ್ಟು ಏರುತ್ತದೆ ಅಂತ. ಅವತ್ತು ಮನೆಯಿಂದ ಎಲ್ಲರೂ ಬೇಗ ಹೊರಟರೂ ಯಾರೂ ಬೇಗ ತಲುಪಲಿಲ್ಲ.

ಗಣಿತವೂ ಇದನ್ನೇ ಹೇಳುತ್ತದೆ. ಕೆಲಸಗಳು ಹೇಗೆಂದರೆ ಹಾಗೆ ಬರುವ ಒಂದು ಮೆಷಿನ್ 80% ತುಂಬಿದ್ದರೆ, ಸರಳ ಲೆಕ್ಕದಲ್ಲಿ, ಒಂದು ಜಾಬ್ ಕಾಯುವ ಹೊತ್ತು ಅದರ ಕೆಲಸದ ಹೊತ್ತಿನ 4 ಪಟ್ಟು. 90% ಆದರೆ 9 ಪಟ್ಟು. 95% ಆದರೆ 19 ಪಟ್ಟು. ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. 1961ರಲ್ಲೇ ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್ ತೋರಿಸಿದ ಹಾಗೆ, ಕ್ಯೂ ಬೆಳೆಯುವುದು ತುಂಬಿದ್ದಕ್ಕೆ ಮಾತ್ರ ಅಲ್ಲ, ಏರುಪೇರಿಗೂ ಕೂಡ. ಬರುವ ಕೆಲಸವನ್ನು ಹದವಾಗಿ ಬಿಟ್ಟರೆ, ಸೆಟ್ಟಿಂಗ್ ಹೊತ್ತು ಒಂದೇ ಥರ ಇದ್ದರೆ, ಅದೇ 90%ರಲ್ಲೂ ಕ್ಯೂ ಬಹಳ ಚಿಕ್ಕದಾಗುತ್ತದೆ. ನಿಮ್ಮ ಕೈಯಲ್ಲಿ ಇರುವುದು ಇದು.

ಸಾಫ್ಟ್‌ವೇರ್ ಮತ್ತು ವಿಎಂಸಿ

ವಿಎಂಸಿ ವಿಷಯ ಬೇಗ ಮುಗಿಸುತ್ತೇನೆ. ಬೇಡ. ನಿಮ್ಮ ಮೂರು ವಿಎಂಸಿಗಳಿಗೆ ದಿನಕ್ಕೆ 1,800 ನಿಮಿಷ ಕೆಲಸ ಇದೆ, ಅವುಗಳಲ್ಲಿ 2,700 ನಿಮಿಷ ಇದೆ. ನಾಲ್ಕನೆಯದು ಬಂದರೆ ಇಎಂಐ ಬರುತ್ತದೆ, ರಾಶಿ ಇನ್ನೂ ಬೇಗ ಬೆಳೆಯುತ್ತದೆ. ನಿಮ್ಮ ಭಾವನವರಿಗೆ ಈ ಎರಡು ಅಂಕಿ ತೋರಿಸಿ.

ಸಾಫ್ಟ್‌ವೇರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಪೂರ್ತಿ ಕೆಟ್ಟದ್ದಲ್ಲ. ಮಾರಲು ಬರುವವರು ಹೇಳದ ಒಂದು ವಿಷಯ ಇದೆ. ಮಾರ್ಕೆಟ್‌ನಲ್ಲಿ ಸಿಗುವ ಬಹಳಷ್ಟು ಪ್ಲಾನಿಂಗ್ ಪ್ಯಾಕೇಜ್‌ಗಳ ಬುಡದಲ್ಲಿ ಇರುವುದು ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಲೆಕ್ಕ. 1960ರ ದಶಕದಲ್ಲಿ ಜೋಸೆಫ್ ಓರ್ಲಿಕಿ ಅಮೆರಿಕದಲ್ಲಿ ರೂಪಿಸಿದ್ದು. ಯಾವ ಬಿಡಿಭಾಗ, ಎಷ್ಟು, ಯಾವತ್ತು ಬೇಕು ಅನ್ನುವುದನ್ನು ಅದು ಸೊಗಸಾಗಿ ಹೇಳುತ್ತದೆ. ಆದರೆ ಮೂಲ ಎಂಆರ್‌ಪಿಗೆ ಮೆಷಿನ್‌ನ ಮಿತಿ ಗೊತ್ತಿಲ್ಲ. ‘ಗ್ರೈಂಡಿಂಗ್‌ಗೆ 5 ದಿನ’ ಅಂತ ಒಮ್ಮೆ ಬರೆದರೆ, ಮುಂದೆ 50 ಪೀಸ್ ಇದ್ದರೂ 5,000 ಇದ್ದರೂ 5 ದಿನವೇ ಅನ್ನುತ್ತದೆ. ಮಾಲು ತಡವಾದರೆ ಯಾರೋ ಆ 5ನ್ನು 10 ಮಾಡುತ್ತಾರೆ. ಆಗ ಕಂಪ್ಯೂಟರ್ ಇನ್ನೂ ಬೇಗ ಕೆಲಸ ಬಿಡಿ ಅನ್ನುತ್ತದೆ, ರಾಶಿ ಇನ್ನೂ ಬೆಳೆಯುತ್ತದೆ, 10 ಹೋಗಿ 15 ಆಗುತ್ತದೆ. ಈ ಸುಳಿಗೆ ಸಿಕ್ಕಿದ ಶಾಪ್‌ಗಳನ್ನು ನಾನು ನೋಡಿದ್ದೇನೆ.

ಮೆಷಿನ್ ಮಿತಿ ಲೆಕ್ಕ ಹಿಡಿಯುವ ಶೆಡ್ಯೂಲಿಂಗ್ ಸಾಫ್ಟ್‌ವೇರ್‌ಗಳೂ ಇವೆ. ಅವುಗಳಿಗೆ ನಿಖರವಾದ ಸೈಕಲ್ ಟೈಮ್, ಸೆಟ್ಟಿಂಗ್ ಟೈಮ್, ಯಾವ ಜಾಬ್ ಎಲ್ಲಿದೆ ಎಂಬ ತಾಜಾ ಮಾಹಿತಿ ಬೇಕು. ನಿಮ್ಮಲ್ಲಿ ಅದು ಈಗ ಸೂಪರ್‌ವೈಸರ್ ತಲೆಯಲ್ಲಿದೆ. ಅದನ್ನು ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆಸಿ. ಆಮೇಲೆ ಸಾಫ್ಟ್‌ವೇರ್ ಮಾತು.

ಇನ್ನು ‘ಕಂಪ್ಯೂಟರ್ ಬೆಸ್ಟ್ ಪ್ಲಾನ್ ಕೊಡುತ್ತೆ’ ಅನ್ನುವ ಆಸೆ. ಒಂದು ಮೆಷಿನ್ ಮುಂದೆ 10 ಜಾಬ್ ಇದ್ದರೆ ಅವನ್ನು ಸಾಲು ಹಚ್ಚುವ ರೀತಿಗಳು 36,28,800. ಮೆಷಿನ್ ಹೆಚ್ಚಾದಂತೆ ಈ ಸಂಖ್ಯೆ ಊಹೆಗೂ ಸಿಗುವುದಿಲ್ಲ. 1963ರಲ್ಲಿ ಪ್ರಕಟವಾದ, 10 ಜಾಬ್ 10 ಮೆಷಿನ್‌ನ ಒಂದು ಲೆಕ್ಕ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಅದಕ್ಕೆ ಅತ್ಯುತ್ತಮ ಉತ್ತರ ಇದೇ ಅಂತ ಖಾತ್ರಿಯಾಗಿ ತೋರಿಸಲು 1989ರವರೆಗೆ ಕಾಯಬೇಕಾಯಿತು. ಕಾಗದದ ಮೇಲಿನ ಆ ಲೆಕ್ಕದಲ್ಲಿ ಆಪರೇಟರ್ ರಜೆ ಹಾಕುವುದಿಲ್ಲ, ಕರೆಂಟ್ ಹೋಗುವುದಿಲ್ಲ, ಟೂಲ್ ಮುರಿಯುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಒಂಬತ್ತು ಮೆಷಿನ್‌ಗೆ ಪ್ಲಾನ್ ಮಾಡಲು ಹೋಗಬೇಡಿ. ಗ್ರೈಂಡರ್ ಒಂದಕ್ಕೆ ಗಟ್ಟಿಯಾದ ಪ್ಲಾನ್ ಮಾಡಿ. ಅದಕ್ಕೆ ಒಂದು ವೈಟ್ ಬೋರ್ಡ್ ಸಾಕು.

ಹಾಗಾದರೆ ಏನು ಮಾಡಬೇಕು

ಮೊದಲು ಗ್ರೈಂಡರ್‌ನ ನಿಮಿಷಗಳನ್ನು ಉಳಿಸಿ. ಊಟ, ಟೀ ಹೊತ್ತಿನಲ್ಲಿ ಅದು ನಿಲ್ಲಬಾರದು. ಆಪರೇಟರ್‌ಗೆ ಬಿಡುವು ಬೇಕೇಬೇಕು, ಅದನ್ನು ಕತ್ತರಿಸಬೇಡಿ. ಅವನು ಊಟಕ್ಕೆ ಹೋದಾಗ ಇನ್ನೊಬ್ಬ ನಿಲ್ಲಲಿ. ದಿನಕ್ಕೆ 100 ನಿಮಿಷ, ಅಂದರೆ 33 ಪೀಸ್. ಖರ್ಚು ಏನೂ ಇಲ್ಲ, ಇನ್ನಿಬ್ಬರಿಗೆ ಗ್ರೈಂಡಿಂಗ್ ಕಲಿಸಬೇಕು ಅಷ್ಟೆ. ಇದಕ್ಕೊಂದು ಅಪಾಯ ಇದೆ. ಅರೆಬರೆ ಕಲಿತವರ ಕೈಯಲ್ಲಿ ಪೀಸ್ ಸುಟ್ಟ ಗುರುತು, ಸೈಜ್ ತಪ್ಪು ಬರಬಹುದು. ಹಾಗಾಗಿ ಹೊಸಬರಿಗೆ ಮೊದಲು ಸುಲಭದ ಪಿನ್‌ಗಳನ್ನೇ ಕೊಡಿ.

ಎರಡನೆಯದು ಸೆಟ್ಟಿಂಗ್. ಒಂದು ಸಲ ಇಡೀ 2 ಗಂಟೆಯ ಸೆಟ್ಟಿಂಗ್‌ನ ವಿಡಿಯೋ ತೆಗೆಯಿರಿ, ಆಪರೇಟರ್‌ಗೆ ಮೊದಲೇ ಹೇಳಿ, ಅವರನ್ನು ಕೂರಿಸಿಕೊಂಡೇ ನೋಡಿ. ನನಗೆ ಗೊತ್ತಿರುವ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ಹುಡುಕಾಟದಲ್ಲಿ ಹೋಗಿರುತ್ತದೆ. ಗೇಜ್ ಸ್ಟೋರ್‌ನಲ್ಲಿ, ಡ್ರಾಯಿಂಗ್ ಆಫೀಸ್‌ನಲ್ಲಿ, ಪೀಸ್ ಹಿಡಿದು ತಿರುಗಿಸುವ ಕ್ಯಾರಿಯರ್ ಇನ್ನೆಲ್ಲೋ, ಫಸ್ಟ್ ಪೀಸ್ ನೋಡಬೇಕಾದ ಇನ್ಸ್‌ಪೆಕ್ಟರ್ ಇನ್ನೊಂದು ಮೆಷಿನ್ ಹತ್ತಿರ. ಇದೆಲ್ಲವನ್ನೂ ಹಿಂದಿನ ಜಾಬ್ ಓಡುತ್ತಿರುವಾಗಲೇ ತಂದು ಟ್ರಾಲಿಯಲ್ಲಿ ಇಡಬಹುದು. ಜಪಾನಿನ ಶಿಗಿಯೋ ಶಿಂಗೋ ತೋರಿಸಿದ ದಾರಿ ಇದೇ. ಟೊಯೋಟಾದಲ್ಲಿ 1,000 ಟನ್ ಪ್ರೆಸ್‌ನ 4 ಗಂಟೆ ಸೆಟ್ಟಿಂಗ್ ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಯಿತು. ನಿಮಗೆ 3 ನಿಮಿಷ ಬೇಡ. 50 ನಿಮಿಷಕ್ಕೆ ಬಂದರೆ, ದಿನಕ್ಕೆ 2 ಸೆಟ್ಟಿಂಗ್ ಮಾಡಿಯೂ 820 ನಿಮಿಷದಲ್ಲಿ 240 ಪೀಸ್ ಮುಗಿಯುತ್ತದೆ. ಅರ್ಜೆಂಟ್ ಫೋನ್ ಬಂದರೂ ಶಾಪ್ ಬೀಳುವುದಿಲ್ಲ.

ಗ್ರೈಂಡರ್‌ಗೆ ಕೆಟ್ಟ ಪೀಸ್ ಹತ್ತಿಸಬೇಡಿ. ಇನ್ಸ್‌ಪೆಕ್ಷನ್ ಗ್ರೈಂಡಿಂಗ್‌ಗೆ ಮುಂಚೆಯೂ ಇರಲಿ. ಹಾಗೆಯೇ ಟರ್ನಿಂಗ್‌ನಲ್ಲಿ ಗ್ರೈಂಡಿಂಗ್‌ಗೆ ಅಂತ ಎಷ್ಟು ಮೆಟೀರಿಯಲ್ ಬಿಡುತ್ತಿದ್ದೀರಿ ಅಂತ ನೋಡಿ. ‘ಸೇಫ್ಟಿಗೆ ಇರಲಿ’ ಅಂತ ಡಯಾಮೀಟರ್‌ನಲ್ಲಿ 0.5 ಮಿಮೀ ಬಿಡುವುದು ಅಭ್ಯಾಸ ಆಗಿರುತ್ತದೆ. ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ 30 ಪೀಸ್ ತಗೊಂಡು ಎಷ್ಟು ಬಾಗಿವೆ ಅಂತ ಅಳೆಯಿರಿ. 0.3 ಸಾಕಾಗುವ ಪಾರ್ಟ್‌ಗಳಿದ್ದರೆ ಪ್ರತಿ ಪೀಸ್‌ನಲ್ಲೂ ಗ್ರೈಂಡಿಂಗ್ ಹೊತ್ತು ಉಳಿಯುತ್ತದೆ. ಅಳೆಯದೆ ಇಳಿಸಿದರೆ ಮಾತ್ರ ಕಪ್ಪು ಗುರುತು ಉಳಿದು ರಿಜೆಕ್ಷನ್ ಬರುತ್ತದೆ.

ಕೆಲವು ಪಾರ್ಟ್‌ಗಳನ್ನು ಗ್ರೈಂಡರ್‌ನಿಂದ ತೆಗೆದೇಬಿಡಬಹುದು. ಹಾರ್ಡ್ ಮಾಡಿದ ಶಾಫ್ಟ್‌ನ್ನು ಸಿಬಿಎನ್ ಎಂಬ ಅತಿ ಗಟ್ಟಿ ವಸ್ತುವಿನ ಇನ್ಸರ್ಟ್ ಹಾಕಿ ಸಿಎನ್‌ಸಿ ಲೇತ್‌ನಲ್ಲೇ ಫಿನಿಶ್ ಮಾಡಲು ಬರುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ತೀರಾ ಬಿಗಿ ಇಲ್ಲದಿದ್ದರೆ, ಮೆಷಿನ್ ಗಟ್ಟಿಯಾಗಿದ್ದರೆ, ಇದು ಚೆನ್ನಾಗಿ ನಡೆಯುತ್ತದೆ. ಇನ್ಸರ್ಟ್ ದುಬಾರಿ, ಆದರೆ ನಿಮಗೆ ಬಿಡುವಿರುವುದು ಸಿಎನ್‌ಸಿಯಲ್ಲೇ ಅಲ್ವಾ? ಒಂದು ಎಚ್ಚರಿಕೆ. ವಾಹನದ ಪಾರ್ಟ್‌ನಲ್ಲಿ ಪ್ರಾಸೆಸ್ ಬದಲಿಸುವ ಮುಂಚೆ ಕಸ್ಟಮರ್‌ನ ಲಿಖಿತ ಒಪ್ಪಿಗೆ ಬೇಕು. ಹೇಳದೆ ಮಾಡಿ ಸಿಕ್ಕಿಬಿದ್ದರೆ ಡೆಬಿಟ್ ನೋಟ್ ಅಲ್ಲ, ಆರ್ಡರೇ ಹೋಗುತ್ತದೆ. ಹೊರಗೆ ಗ್ರೈಂಡಿಂಗ್ ಜಾಬ್ ವರ್ಕ್ ಕೊಡುವುದಕ್ಕೂ ಇದೇ ಮಾತು. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವವರು ಸಿಗುತ್ತಾರೆ. ಬಹಳ ಜನ ಅರ್ಜೆಂಟ್ ಪಾರ್ಟ್‌ನ್ನು ಹೊರಗೆ ಕಳಿಸುತ್ತಾರೆ. ನಾನು ಅದನ್ನು ತಿರುಗಿಸಿ ಮಾಡಿ ಅನ್ನುತ್ತೇನೆ. ಪ್ರತಿ ತಿಂಗಳು ಒಂದೇ ಥರ ಹೋಗುವ, ತೊಂದರೆ ಕೊಡದ ಪಾರ್ಟ್‌ನ್ನು ಹೊರಗೆ ಕೊಡಿ. ಅರ್ಜೆಂಟ್ ನಿಮ್ಮ ಕಣ್ಣೆದುರೇ ಇರಲಿ.

ಇನ್ನು ಕಷ್ಟದ ಹೆಜ್ಜೆ. ಬಾರ್ ಒಳಗೆ ಬಿಡುವುದನ್ನು ಬಿಗಿ ಮಾಡಬೇಕು. ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದು ಗ್ರೈಂಡರ್ ಮುಂದೆ ಕಾಯುವ ಮಾಲು ಎರಡು ದಿನದ ಕೆಲಸದಷ್ಟು, ಸುಮಾರು 480 ಪೀಸ್ ಇದ್ದರೆ ಸಾಕು. ಅಷ್ಟು ಇರಲೇಬೇಕು, ಯಾಕೆಂದರೆ ಫರ್ನೇಸ್‌ನವರು ಒಂದು ದಿನ ತಡ ಮಾಡಿದರೂ ಗ್ರೈಂಡರ್ ನಿಲ್ಲಬಾರದು. 4,300ರಿಂದ ಅಲ್ಲಿಗೆ ಒಂದೇ ಸಲ ಇಳಿಯಲಾಗುವುದಿಲ್ಲ. ದಿನಕ್ಕೆ 300 ಹೊರಗೆ ಹೋಗುವಾಗ 225ಕ್ಕೆ ಮಾತ್ರ ಬಾರ್ ಬಿಡಿ. ದಿನಕ್ಕೆ 75 ಕರಗುತ್ತದೆ. 60 ಕೆಲಸದ ದಿನದಲ್ಲಿ ಶೆಡ್‌ನ 9,000 ಅರ್ಧಕ್ಕೆ ಬರುತ್ತದೆ, ಐದು ವಾರ ಎರಡೂವರೆ ಆಗುತ್ತದೆ. ಸ್ಟೀಲ್‌ಗೆ ಹಾಕಿದ ದುಡ್ಡೂ ಅಷ್ಟಷ್ಟಾಗಿ ಕೈಗೆ ಬರುತ್ತದೆ. ಯಾವ ಪಾರ್ಟ್ ಜಾಸ್ತಿ ಬಿದ್ದಿದೆ ಅಂತ ಎಣಿಸಿ ಅದನ್ನೇ ನಿಲ್ಲಿಸಿ. ಎಲ್ಲದರಲ್ಲೂ ಕಾಲು ಭಾಗ ಕಡಿತ ಅಂತ ಮಾಡಿದರೆ ಬೇಕಾದ ಪಾರ್ಟೇ ಖಾಲಿ ಆಗಬಹುದು.

ಈ ಹತ್ತು ವಾರ ನಿಮಗೆ ಮನಸ್ಸಿಗೆ ಕಷ್ಟ ಆಗುತ್ತದೆ. ಸಿಎನ್‌ಸಿ ಹುಡುಗರು ಕೈಕಟ್ಟಿ ನಿಲ್ಲುತ್ತಾರೆ. ತಂದೆಯವರು ಒಳಗೆ ಬಂದರೆ ಸಂಕಟ ಪಡುತ್ತಾರೆ. ಅದನ್ನು ಮೊದಲೇ ಕೂತು ಮಾತಾಡಿ. ಕೆಲಸ ಕಮ್ಮಿ ಅಂತ ಯಾರನ್ನೂ ತೆಗೆಯಬೇಡಿ. ಹಾಗೆ ಮಾಡಿದರೆ ಮಿಕ್ಕವರು ಮುಂದೆ ಎಂದೂ ನಿಮ್ಮ ಬದಲಾವಣೆಗೆ ಕೈಜೋಡಿಸುವುದಿಲ್ಲ. ಬಿಡುವಿದ್ದವರು ಗ್ರೈಂಡಿಂಗ್ ಕಲಿಯಲಿ, ಸೆಟ್ಟಿಂಗ್ ಟ್ರಾಲಿ ಜೋಡಿಸಲಿ, ವರ್ಷಗಳಿಂದ ಮುಂದೂಡಿದ ಮೆಂಟೆನೆನ್ಸ್ ಮಾಡಲಿ. ಪೀಸ್ ಲೆಕ್ಕದಲ್ಲಿ ಇನ್ಸೆಂಟಿವ್ ಕೊಡುತ್ತಿದ್ದರೆ ಅದನ್ನು ಮೊದಲು ಬದಲಿಸಿ. ಹೆಚ್ಚು ಮಾಡಿದವನಿಗೆ ಹೆಚ್ಚು ದುಡ್ಡು ಅನ್ನುವ ನಿಯಮ ಇಟ್ಟುಕೊಂಡು ಕಮ್ಮಿ ಮಾಡು ಅಂತ ಹೇಳಲು ಆಗುವುದಿಲ್ಲ. ಡಿಸ್ಪ್ಯಾಚ್ ಮೇಲೆ ಎಲ್ಲರಿಗೂ ಸೇರಿ ಇನ್ಸೆಂಟಿವ್ ಇಡಿ.

ಓಟಿ ಗ್ರೈಂಡರ್‌ಗೆ ಮಾತ್ರ ಇರಲಿ, ಅದೂ ಈ ರಾಶಿ ಕರಗುವವರೆಗೆ. ಓಟಿಗೆ ಕಾನೂನಿನಂತೆ ಎರಡು ಪಟ್ಟು ಸಂಬಳ. ಸಿಎನ್‌ಸಿಯಲ್ಲಿ ಓಟಿ ಮಾಡಿಸಿದರೆ ಎರಡು ಪಟ್ಟು ಕೊಟ್ಟು ಕ್ಯೂ ಉದ್ದ ಮಾಡಿಸಿದ ಹಾಗೆ.

ಎರಡನೇ ಗ್ರೈಂಡರ್ ಕೊಳ್ಳುವುದು ತಪ್ಪಲ್ಲ. ಆದರೆ ಈಗಲೇ ಅಲ್ಲ. ಸೆಟ್ಟಿಂಗ್ 50 ನಿಮಿಷಕ್ಕೆ ಬಂದ ಮೇಲೂ ಮೂರು ತಿಂಗಳು ಸತತ ಅದು 95% ತುಂಬಿದ್ದರೆ ಆಗ ನೋಡಿ. ಹಾಗೆ ಕೊಂಡ ಮೇಲೆ ಅಡಚಣೆ ಬೇರೆ ಕಡೆ ಹೋಗುತ್ತದೆ. ಬಹುಶಃ ಹೀಟ್ ಟ್ರೀಟ್‌ಮೆಂಟ್‌ಗೆ. ಅಲ್ಲಿ ಫರ್ನೇಸ್ ತುಂಬುವವರೆಗೆ ನಿಮ್ಮ ಮಾಲು ಕಾಯುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಅಂತ ದಿನ ಗೊತ್ತು ಮಾಡಿ, ಇಷ್ಟೇ ತೂಕ ಬರುತ್ತದೆ ಅಂತ ಮೊದಲೇ ಹೇಳಿಡಿ. ಅವರಿಗೂ ಪ್ಲಾನ್ ಮಾಡಲು ಸುಲಭ.

ಕಸ್ಟಮರ್ ಶೆಡ್ಯೂಲ್ ದಿನಾ ಬದಲಾಗುವ ಬಗ್ಗೆ ಒಂದು ಮಾತು. ಅದು ನಿಮ್ಮನ್ನು ಗೋಳು ಹೊಯ್ಯಲು ಮಾಡುವುದಲ್ಲ. ಶೋರೂಮ್‌ನಲ್ಲಿ ಗಾಡಿ ಮಾರಾಟ ಸ್ವಲ್ಪ ಅಲುಗಿದರೆ, ವಾಹನ ಕಂಪನಿ ಇನ್ನಷ್ಟು ಅಲುಗುತ್ತದೆ, ಅವರಿಗೆ ಜೋಡಿಸಿ ಕೊಡುವವರು ಮತ್ತಷ್ಟು. ಸರಪಳಿಯ ತುದಿಯಲ್ಲಿರುವ ನಿಮಗೆ ಬರುವಾಗ ಅದು ಚಾಟಿಯ ತುದಿಯಂತೆ ಬೀಸುತ್ತದೆ. ಈ ವಿದ್ಯಮಾನಕ್ಕೆ ಬುಲ್‌ವಿಪ್ ಎಂಬ ಹೆಸರೇ ಇದೆ. ಅದಕ್ಕೇ ಕಸ್ಟಮರ್ ಹತ್ತಿರ ಶೆಡ್ಯೂಲ್ ಮಾತ್ರ ಕೇಳಬೇಡಿ. ಪ್ರತಿ ಸೋಮವಾರ ಫೋನ್ ಮಾಡಿ ನಿಮ್ಮ ಪಾರ್ಟ್ ಅವರಲ್ಲಿ ಎಷ್ಟು ಸ್ಟಾಕ್ ಇದೆ, ದಿನಕ್ಕೆ ಎಷ್ಟು ಖರ್ಚಾಗುತ್ತಿದೆ ಅಂತ ಕೇಳಿ. ಆ ಎರಡು ಅಂಕಿ ಯಾವ ಶೆಡ್ಯೂಲ್‌ಗಿಂತಲೂ ಹೆಚ್ಚು ನಿಜ ಹೇಳುತ್ತವೆ. ‘ಅರ್ಜೆಂಟ್’ ಅಂದ ಪಾರ್ಟ್ ಎಷ್ಟೋ ಸಲ ಇನ್ನೂ ನಾಲ್ಕು ದಿನಕ್ಕೆ ಸಾಲುವಷ್ಟು ಅವರಲ್ಲೇ ಇರುತ್ತದೆ. ಜೊತೆಗೆ ಮುಂದಿನ ಒಂದು ವಾರ ಬದಲಿಸುವುದಿಲ್ಲ ಎಂಬ ಒಪ್ಪಂದಕ್ಕೆ ಪ್ರಯತ್ನಿಸಿ. ಮೂವರೂ ಒಪ್ಪುವುದಿಲ್ಲ. ಒಬ್ಬರು ಒಪ್ಪಿದರೂ ಗ್ರೈಂಡರ್ ಬೋರ್ಡಿನ ಮೂರನೇ ಒಂದು ಭಾಗ ಗಟ್ಟಿಯಾಯಿತು.

ಹೆಚ್ಚು ಓಡುವ ನಾಲ್ಕೈದು ಪಾರ್ಟ್‌ಗಳನ್ನು ಪೂರ್ತಿ ಮುಗಿಸಿ ಒಂದು ವಾರದಷ್ಟು ರೆಡಿ ಇಡಿ. ಸ್ಟಾಕ್ ಇಡುವುದೇ ತಪ್ಪು ಅನ್ನುವ ಮಾತು ಕೇಳಿರಬಹುದು. 2011ರ ಭೂಕಂಪದ ನಂತರ ಟೊಯೋಟಾದವರೇ ತಮ್ಮ ಸಪ್ಲೈಯರ್‌ಗಳ ಹತ್ತಿರ ತಿಂಗಳುಗಟ್ಟಲೆ ಚಿಪ್ ಸ್ಟಾಕ್ ಇಡಿಸಿದರು. 2021ರ ಚಿಪ್ ಬರದ ಮೊದಲ ತಿಂಗಳುಗಳಲ್ಲಿ ಅದು ಅವರ ಕೈಹಿಡಿಯಿತು. ಅರ್ಧ ಮುಗಿದು ದಾರಿಗೆ ಅಡ್ಡ ಕೂತ ಮಾಲು ಬೇರೆ, ಮುಗಿದು ಪ್ಯಾಕ್ ಆಗಿ ಗಾಡಿಗೆ ಕಾಯುವ ಮಾಲು ಬೇರೆ. ಆದರೆ ಡ್ರಾಯಿಂಗ್ ರಿವಿಷನ್ ಬರುವ ಸೂಚನೆ ಇರುವ ಪಾರ್ಟ್‌ನ್ನು ಹೀಗೆ ಇಡಬೇಡಿ.

ಬೋರ್ಡ್ ಹೀಗಿರಲಿ. ಮುಂದಿನ ಆರು ದಿನ, ದಿನಕ್ಕೆ ಎರಡು ಸಾಲು, ಒಂದೊಂದು ಶಿಫ್ಟಿಗೆ. ಡೆಲಿವರಿ ತಾರೀಖಿನ ಪ್ರಕಾರ ಜೋಡಿಸಿ, ಆಮೇಲೆ ಅಕ್ಕಪಕ್ಕದ ದಿನಗಳಲ್ಲಿ ಒಂದೇ ಸೆಟ್ಟಿಂಗ್‌ಗೆ ಬರುವ ಪಾರ್ಟ್‌ಗಳಿದ್ದರೆ ಒಟ್ಟಿಗೆ ತನ್ನಿ. ಇವತ್ತು ಮತ್ತು ನಾಳೆಯ ಸಾಲು ಅಳಿಸುವ ಅಧಿಕಾರ ನಿಮಗೊಬ್ಬರಿಗೇ ಇರಲಿ. ಮಾರ್ಕೆಟಿಂಗ್ ನೋಡುವವರಿಗಾಗಲಿ, ಸೂಪರ್‌ವೈಸರ್‌ಗಾಗಲಿ ಬೇಡ. ಅಳಿಸುವ ಪ್ರತಿ ಸಲವೂ ಪಕ್ಕದಲ್ಲಿ ‘40 ಪೀಸ್’ ಅಂತ ಬರೆಯಿರಿ. ಯುಗಾದಿ, ಆಯುಧಪೂಜೆ, ದೀಪಾವಳಿಗೆ ಊರಿಗೆ ಹೋಗುವವರ ರಜೆಯನ್ನು ಎರಡು ತಿಂಗಳು ಮೊದಲೇ ಕೇಳಿ ಅದರ ಮೇಲೆ ಗುರುತು ಹಾಕಿ. ಪ್ರತಿ ವರ್ಷ ಬರುವ ಹಬ್ಬ ನಮ್ಮ ಪ್ಲಾನ್‌ಗೆ ಅನಿರೀಕ್ಷಿತ ಆಗಬಾರದು.

ಈ ವಾರ ಬೇರೇನೂ ಮಾಡಬೇಡಿ. ಗ್ರೈಂಡರ್ ಪಕ್ಕ ಒಂದು ನೋಟ್‌ಬುಕ್ ಕಟ್ಟಿಡಿ. ಅದು ಯಾವಾಗ ನಿಂತಿತು, ಎಷ್ಟು ನಿಮಿಷ, ಯಾಕೆ ಎಂಬ ಮೂರು ಕಾಲಂ. ಆಪರೇಟರ್‌ಗಳಿಗೆ ಹೇಳಿ, ಇದು ಅವರ ತಪ್ಪು ಹಿಡಿಯಲು ಅಲ್ಲ ಅಂತ. ಎರಡು ವಾರ ತುಂಬಿದ ಮೇಲೆ ಆ ಹಾಳೆಗಳ ಫೋಟೋ ನನಗೆ ಕಳಿಸಿ. ಸೆಟ್ಟಿಂಗ್‌ನ 120 ನಿಮಿಷ ಎಲ್ಲೆಲ್ಲಿ ಹೋಗುತ್ತಿದೆ ಅಂತ ಒಟ್ಟಿಗೆ ಕೂತು ನೋಡೋಣ.